ಉಪ್ಪುನೀರಿನ ಪಾಲು

ಕಲಬುರಗಿ, ೯ ಮಾರ್ಚ್ ೨೧೮೪

ಮುತ್ತಜ್ಜಿಯವರೇ,

ಇನ್ನೂ ಹುಟ್ಟದವಳ ಕಾಗದ ಕಂಡು ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ನೀಲಗಂಗಾ, ನಿಮ್ಮಿಂದ ಆರನೆಯ ತಲೆಮಾರಿನವಳು.

ನನ್ನ ಮಗಳು ಮುಕ್ತಾಳಿಗೆ ಹನ್ನೊಂದು ವರ್ಷ. ಎರಡನೆಯ ವರ್ಷಕ್ಕೇ ಅವಳಿಗೆ ಇಸಬು ಹತ್ತಿತು. ಇಲ್ಲಿ ನಾವೆಲ್ಲ ಮೀಯುವುದು ಮರುನೀರಿನಲ್ಲಿ, ಅಂದರೆ ಊರು ಬಳಸಿದ ನೀರನ್ನೇ ಸೋಸಿ ಮತ್ತೆ ನಲ್ಲಿಗೆ ಬಿಡುತ್ತಾರೆ. ಅದು ತಾಗಿದರೆ ಮುಕ್ತಾ ಚೀರುತ್ತಾಳೆ. ಮೊಣಕೈ ಮಡಿಕೆ, ಕುತ್ತಿಗೆ, ಕಣ್ಣರೆಪ್ಪೆ ಎಲ್ಲವೂ ಬಿರಿದು ರಸಿಗೆ ಒಸರುತ್ತದೆ. ಬೆಳಿಗ್ಗೆ ಅಂಗಿ ಚರ್ಮಕ್ಕೆ ಅಂಟಿರುತ್ತದೆ. ಬೆಚ್ಚಗಿನ ಎಣ್ಣೆ ಬಿಟ್ಟು ಮೆಲ್ಲಗೆ ಬಿಡಿಸುತ್ತೇನೆ. ಹಳೆಯ ಮುಲಾಮು ನಾಲ್ಕು ದಿನ ಕೆಂಪು ಇಳಿಸಿ, ಆಮೇಲೆ ಇಮ್ಮಡಿ ಕೆರಳಿಸುತ್ತದೆ.

ಹೊಸ ಚುಚ್ಚುಮದ್ದಿನ ಪರೀಕ್ಷೆಗೆ ಮಕ್ಕಳು ಬೇಕೆಂದಾಗ ಓಡಿಹೋಗಿ ಸಹಿ ಹಾಕಿದೆ. ಹದಿನಾರು ವಾರ. ಅರ್ಧ ಮಕ್ಕಳಿಗೆ ಔಷಧ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ವೈದ್ಯೆ ಗುರುಬಸಮ್ಮನವರಿಗೂ ತಿಳಿಯದು. ಬೇರೇನನ್ನೂ ಹಚ್ಚಕೂಡದು.

ಎಂಟು ವಾರಗಳಲ್ಲಿ ಬೇರೆ ಮಕ್ಕಳು ಎದ್ದು ಆಡತೊಡಗಿದರು. ಮುಕ್ತಾ ಮಾತ್ರ, "ಅವ್ವಾ, ನನ್ನ ತೊಗಲು ಸುಲದು ಬಿಡು," ಎಂದಳು. ಅಂದೇ ಬಚ್ಚಿಟ್ಟಿದ್ದ ಹಳೆಯ ಮುಲಾಮು ತೆಗೆದು ಹಚ್ಚಿದೆ.

ಮೂರನೆಯ ದಿನ ತಪಾಸಣೆಗೆ ಹೋದಾಗ ಗುರುಬಸಮ್ಮ ಅವಳ ತಿಳಿಯಾದ ಕೈ ನೋಡಿ ಹಿಗ್ಗಿದರು. ಆಮೇಲೆ ನನ್ನತ್ತ ತಿರುಗಿದರು. "ಖರೇ ಹೇಳ್ರಿ ಅಕ್ಕಾ, ಬ್ಯಾರೆ ಏನರೆ ಹಚ್ಚೀರೇನು?"

"ಇಲ್ರೀ," ಎಂದೆ.

ಮುಕ್ತಾ ನನ್ನ ಮುಖ ನೋಡಲಿಲ್ಲ. "ಹಚ್ಯಾಳ್ರಿ ನಮ್ಮವ್ವ. ನಾ ಅತ್ತೀನಂತ ಹಚ್ಯಾಳ."

ನಿಯಮದಂತೆ ಅವಳನ್ನು ಪರೀಕ್ಷೆಯಿಂದ ಕೈಬಿಟ್ಟರು. ಆ ಕಾಗದಕ್ಕೆ ಗುರುಬಸಮ್ಮನವರೇ ಸಹಿ ಹಾಕಿದರು.

ಪರೀಕ್ಷೆ ಮುಗಿದು, ಕಳೆದ ವಾರ ಯಾರಿಗೆ ಯಾವುದೆಂಬ ಗುಟ್ಟು ತೆರೆದರು. ಮುಕ್ತಾಳಿಗೆ ಸಿಕ್ಕಿದ್ದು ಉಪ್ಪುನೀರು. ನನ್ನ ಸುಳ್ಳು ನಿಂತಿದ್ದರೆ ಉಪ್ಪುನೀರೇ ಗುಣಮಾಡಿತೆಂದು ದಾಖಲಾಗುತ್ತಿತ್ತು. ನಿಜವಾದ ಔಷಧಕ್ಕೆ ಕೆಟ್ಟ ಹೆಸರು ಬರುತ್ತಿತ್ತು. ಔಷಧ ಹೆಚ್ಚಿನ ಮಕ್ಕಳಿಗೆ ಹಿಡಿದಿದೆಯಂತೆ. ಆದರೆ ಇನ್ನೂ ದೊಡ್ಡ ಪರೀಕ್ಷೆ ಮುಗಿಯದೆ ಹೊರಗೆ ಕೊಡುವಂತಿಲ್ಲ. ಕೈಬಿಟ್ಟವರನ್ನು ಅದಕ್ಕೂ ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ಕಾಯಿರಿ ಎಂದರು. ಇವತ್ತು ಅವಳ ಕಣ್ಣು ತೆರೆಯುತ್ತಿಲ್ಲ. ರೆಪ್ಪೆಗಳು ಅಷ್ಟು ಬಾತಿವೆ.

ನಿಮ್ಮಲ್ಲಿಯೂ ಇಂಥ ಪರೀಕ್ಷೆಗಳು ನಡೆಯುತ್ತಿರಬೇಕು. ಕರೆದರೆ ಹೋಗಿ. ನವೆ ಎಷ್ಟಿದೆಯೋ ಅಷ್ಟೇ ಹೇಳಿ, ಕೂಡಿಸಬೇಡಿ, ಮುಚ್ಚಬೇಡಿ. ಕೈಮುಗಿದು ಕೇಳುತ್ತೇನೆ, ಮುತ್ತಜ್ಜಿ: ನಿಮ್ಮ ಕಾಲದವರು ಇಂಥ ಯಾವ ಪರೀಕ್ಷೆಯನ್ನೇ ಶುರುಮಾಡಲಿ, ಎರಡೇ ಎರಡು ವರ್ಷ ಮುಂಚೆ ಶುರುಮಾಡಲಿ.

ನಿಮ್ಮ
ನೀಲಗಂಗಾ