ನಡುವೆ ಬಾಯಿ ಹಾಕಿದ ಸಂಗತಿ

ನಮ್ಮ ಮನೆಯ ಮಹಡಿ ಕೋಣೆ,
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ನಿಮ್ಮ ಹಡಗು ಈಗ ಯಾವ ಸಮುದ್ರದಲ್ಲಿದೆಯೋ, ಮುಂದಿನ ಬಂದರಿನಲ್ಲಾದರೂ ಈ ಕಾಗದ ಕೈಗೆ ಸಿಗಲಿ. ಸೊಂಟನೋವು ಹೇಗಿದೆ? ಹಡಗಿನ ಅಡುಗೆಮನೆಯ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತುತ್ತಿಲ್ಲ ತಾನೇ? ಎತ್ತುತ್ತೀರಿ, ಗೊತ್ತು. ಅಮ್ಮ ಚೆನ್ನಾಗಿದ್ದಾಳೆ. ಹಲ್ಲು ಕೀಳಿಸಿಕೊಂಡು ಎರಡು ದಿನ ಸುಮ್ಮನಿದ್ದಳು, ಮನೆ ಭಣಗುಟ್ಟಿತು.

ಈಗ ನನ್ನ ಸುದ್ದಿ. "ಜನ ಹೇಳಿದ್ದನ್ನ ಕೇಳಿಸಿಕೊಳ್ಳೋದೂ ಒಂದು ಕೆಲಸವಾ?" ಅಂತ ನಕ್ಕಿದ್ದಿರಲ್ಲ, ಆ ಕೋಚ್ ಕೆಲಸದಲ್ಲಿ ನಾನು ಸೋಲುತ್ತಿದ್ದೆ. ನಿಮಗೆ ಬರೆದಿರಲಿಲ್ಲ ಅಷ್ಟೆ. ಉದ್ಯೋಗದಲ್ಲಿ ಸಿಕ್ಕಿಹಾಕಿಕೊಂಡವರು ಈ ಮಹಡಿ ಕೋಣೆಗೆ ಬಂದು ನನ್ನೆದುರು ಕೂರುತ್ತಾರೆ. ಉಪದೇಶ ಮಾಡದೆ, ಬರೀ ಪ್ರಶ್ನೆ ಕೇಳಿ ಅವರಿಂದಲೇ ದಾರಿ ಹುಡುಕಿಸಬೇಕು. ಒಬ್ಬರು ನರ್ಸಮ್ಮ ಬರುತ್ತಿದ್ದರು, ಹತ್ತೊಂಬತ್ತು ವರ್ಷ ಅನುಭವ. (ಅವರ ಒಪ್ಪಿಗೆ ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.) ಮಕ್ಕಳ ಹೊಸ ವಾರ್ಡಿನ ಹೆಡ್ ನರ್ಸ್ ಹುದ್ದೆಗೆ ಅರ್ಜಿ ಹಾಕಬೇಕೋ ಬೇಡವೋ ಅನ್ನುವುದು ಅವರ ಪ್ರಶ್ನೆ. ಆದರೆ ಐದು ವಾರ ಹೇಳಿದ್ದು ಮಾತ್ರ ದೊಡ್ಡ ಡಾಕ್ಟರ ಸಿಡುಕು, ಜೊತೆಯವರ ಹೊಟ್ಟೆಕಿಚ್ಚು. ನಾನು ಗೋಣು ಆಡಿಸಿದ್ದೇ ಆಡಿಸಿದ್ದು. ದೊಡ್ಡವರ ಮಾತಿಗೆ ಅಡ್ಡ ಬರಬಾರದು ಅಂತ ಬೆಳೆಸಿದವರು ನೀವೇ ಅಲ್ಲವಾ! ನನಗೆ ಕಲಿಸುವ ಮೇಡಂ ಒಂದು ದಿನ ಮೂಲೆಯಲ್ಲಿ ಕೂತು ನೋಡಿ, "ಇದು ಮರ್ಯಾದೆ ಅಲ್ಲ ಕಣೇ, ಭಯ" ಅಂದುಬಿಟ್ಟರು.

ಮರುವಾರ ಮಾತಿಗೆ ಅಡ್ಡ ಬರುವ ಧೈರ್ಯ ಮಾಡಿದೆ. ಎಡವಟ್ಟಾಯಿತು. ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲಾಗದೆ ಹೋದ ಒಂದು ಮಗುವಿನ ವಿಷಯವನ್ನು ಅವರು ತಡವರಿಸುತ್ತಾ ಹೇಳುತ್ತಿದ್ದಾಗ, "ಹಾಗಾದರೆ ಅರ್ಜಿ?" ಅಂದುಬಿಟ್ಟೆ. ಚೀಲ ಎತ್ತಿಕೊಂಡು ಹೊರಟೇಹೋದರು. ಕ್ಷಮೆ ಕೇಳಿ ಮತ್ತೆ ಕರೆಯುವಷ್ಟರಲ್ಲಿ ಸಾಕುಸಾಕಾಯಿತು. ಮೇಡಂ ಬೈಯಲಿಲ್ಲ. ತಡವರಿಸುವವರು ಹೊಸದೇನೋ ಹುಡುಕುತ್ತಿರುತ್ತಾರೆ, ಅವರನ್ನು ಬಿಡು. ಬಾಯಿಪಾಠ ಒಪ್ಪಿಸುವವರನ್ನು ನಿಲ್ಲಿಸು, ಅದೂ ಮೊದಲೇ ಅನುಮತಿ ಕೇಳಿ, ಅಂದರು.

ಸರಿ, ನರ್ಸಮ್ಮ ಮತ್ತೆ ಬಂದು ಕೂತ ತಕ್ಷಣ, "ನಡುವೆ ನಿಲ್ಲಿಸಿದರೆ ಬೇಜಾರಿಲ್ಲವಾ?" ಅಂದೆ. "ನಿಲ್ಲಿಸಮ್ಮ, ನನ್ನ ಮಾತು ನನಗೇ ಸಾಕಾಗಿದೆ" ಅಂದರು. ಡಾಕ್ಟರ ಕಥೆ ಶುರುವಾಯಿತು, ಅದೇ ಪದ, ಅದೇ ನಿಟ್ಟುಸಿರು. ಉಸಿರೆಳೆದುಕೊಳ್ಳುವ ಹೊತ್ತು ನೋಡಿ ಮೆಲ್ಲಗೆ ಕೈ ಎತ್ತಿದೆ. "ಸಿಸ್ಟರ್, ಒಂದು ನಿಮಿಷ. ಡಾಕ್ಟರಿಗೆ ಏನು ಬೇಕು ಅಂತ ನನಗೆ ಪೂರ್ತಿ ಗೊತ್ತಾಯಿತು. ನಿಮಗೇನು ಬೇಕು?"

ಅಪ್ಪಾ, ಅವರು ಚೀಲದ ಹಿಡಿಯನ್ನು ತಿರುವುತ್ತಾ ಕೂತರು. ಈ ಸಲ ನಾನು ಆತುರಪಡದೆ ಕಾದೆ. ಕೊನೆಗೆ ಅವರು ಮೇಜು ಕುಟ್ಟಿ, "ಆ ವಾರ್ಡು ನನಗೆ ಬೇಕು! ನನ್ನಷ್ಟು ಚೆನ್ನಾಗಿ ಯಾರು ನಡೆಸ್ತಾರೆ ಅದನ್ನ?" ಅಂದರು. ತಮ್ಮ ಮಾತಿಗೆ ತಾವೇ ಬೆರಗಾಗಿ ನಕ್ಕರು. ಅಲ್ಲೇ ಕೂತು ಅರ್ಜಿ ಬರೆದರು. ಇದು ನಡೆದದ್ದು ಹೋದ ತಿಂಗಳು. ನಿನ್ನೆ ಫೋನು ಬಂತು: ಹುದ್ದೆ ಅವರದ್ದೇ! ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಗಾಬರಿಯಾಗಿ ಹತ್ತಿ ಬಂದರು.

ಹೊತ್ತಿಗೆ ಸರಿಯಾಗಿ ಉಣ್ಣಿ, ಬೇರೆಯವರಿಗೆ ಬಡಿಸಿದ್ದೇ ಊಟ ಅಂದುಕೊಳ್ಳಬೇಡಿ. ಅಮ್ಮ ನೆನಪು ಹೇಳಿದ್ದಾಳೆ, ನನ್ನ ನಮಸ್ಕಾರಗಳು.

ನಿಮ್ಮ ಕಿರಿಮಗಳು

ತಾ.ಕ.: ಅಂಚೆಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ನಿಮ್ಮ ಹಡಗು ಕಂಪನಿಯ ಕಚೇರಿಯಲ್ಲಿ ನನಗಾಗಿ ಹೇಳಿಟ್ಟಿರುವ ಗುಮಾಸ್ತೆ ಕೆಲಸ ಬೇಡ ಅಂದುಬಿಡಿ. ಎರಡು ವರ್ಷ ಹೂಂ, ಹೂಂ ಅಂದದ್ದು ನನ್ನದೇ ತಪ್ಪು. ನಾನು ಹೋಗುವುದಿಲ್ಲ ಅಪ್ಪಾ. ಈ ಕೋಣೆಯ ಬಾಗಿಲಿಗೆ ನನ್ನ ಹೆಸರಿನ ಫಲಕ ಬರೆಸಲು ಕೊಟ್ಟಾಗಿದೆ.