ನಾಲ್ಕನೆಯ ಹಾಳೆ ಯಾರದು

ಮಾರ್ಚ್ 3, ಸೋಮವಾರ

ಇವತ್ತೂ ಬೆಳಗಿನಿಂದ ಓದಿದ್ದೇ ಓದಿದ್ದು. ಎ, ಜಿ, ಜಿ, ಸಿ, ಟಿ... ಗಂಟಲು ಒಣಗಿತು. ಮೇಡಂ ಫ್ರೆಂಚಿನ ಜೆನೆಟಿಕ್ಸ್ ವರದಿಗಳನ್ನು ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ನಾನು ಮೂಲ ಹಿಡಿದು ಸಂಕೇತ, ಅಂಕಿ ಎಲ್ಲ ಒಂದೊಂದಾಗಿ ಓದಬೇಕು. ಅವರು ತಮ್ಮ ಪ್ರತಿಯಲ್ಲಿ ಟಿಕ್ ಹಾಕುತ್ತಾರೆ. ನನಗೆ ಫ್ರೆಂಚ್ ಬಾರದು. ಅದಕ್ಕೇ ಕೆಲಸ ಸಿಕ್ಕಿದ್ದು. "ಭಾಷೆ ಬರೋರ ಕಣ್ಣು ಓಡುತ್ತೆ, ನಿಮ್ಮ ಕಣ್ಣು ನಡೆಯುತ್ತೆ" ಅನ್ನುತ್ತಾರೆ.

"ಈ ಎ, ಜಿ, ಸಿ, ಟಿಗೆ ಇಂಗ್ಲಿಷಲ್ಲಿ ಏನಂತಾರೆ ಮೇಡಂ?"

"ಅದನ್ನೇ. ಎಲ್ಲಾ ಭಾಷೇಲೂ ಅದೇ. ಎಲ್ಲರ ಮೈಯಲ್ಲೂ ಈ ನಾಲ್ಕೇ ಅಕ್ಷರ."

ಐವತ್ತು ಅಕ್ಷರ ಕಲಿಯಲು ನಾನು ತಿಂದ ಏಟೆಷ್ಟು! ದೇವರು ನಾಲ್ಕರಲ್ಲೇ ಎಲ್ಲರನ್ನೂ ಬರೆದು ಮುಗಿಸಿದ್ದಾನೆ.

ಮಾರ್ಚ್ 4

ಇವತ್ತು ಬಂದದ್ದು ಬಸುರಿ ಹುಡುಗಿ, ಜೊತೆಗೆ ತಾಯಿ. ಹುಡುಗಿ ಓದಲು ಹೋಗಿದ್ದ ಫ್ರೆಂಚ್ ಊರಿನ ಲ್ಯಾಬ್ ವರದಿ, ನಾಲ್ಕು ಹಾಳೆ. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬೇಕು. ಹುಡುಗಿಯ ತಮ್ಮಂದಿರಿಬ್ಬರೂ ಒಂದೇ ರೋಗಕ್ಕೆ ತೀರಿಹೋದರಂತೆ. ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ ರೋಗ; ಹೆಣ್ಣುಮಕ್ಕಳು ಅದನ್ನು ಒಳಗೇ ಹೊತ್ತಿರುತ್ತಾರಂತೆ. ಅದು ಇವಳಲ್ಲೂ ಇದೆಯೇ? ಇದ್ದರೆ ಹೊಟ್ಟೆಯಲ್ಲಿರುವುದಕ್ಕೆ...

ತಾಯಿ ನನ್ನ ವಾರಗೆಯವಳೇ. "ಹಾಲೂ ನಾನೇ ಕೊಟ್ಟೆ, ರೋಗಾನೂ ನಾನೇ ಕೊಟ್ಟೆ" ಅಂದಳು.

"ಸುಮ್ನಿರಮ್ಮಾ!" ಮಗಳು ಗದರಿದಳು.

ಮಾರ್ಚ್ 5, ಮಧ್ಯಾಹ್ನ 3

ನಾಲ್ಕನೆಯ ಹಾಳೆಯಲ್ಲಿ 'ಪೋರ್ತ್ಯೂಸ್' ಎಂದಿದೆ. ಅಂದರೆ ರೋಗ ಹೊರುವವಳು. ಇಂಗ್ಲಿಷಿನಲ್ಲಿ ಕ್ಯಾರಿಯರ್ ಎಂದು ಬರೆದು ಮೇಡಂ ಪೆನ್ನು ಕೆಳಗಿಟ್ಟರು.

ಆಮೇಲೆ ಓದಿದೆ. ಹಾಳೆಯ ನೆತ್ತಿಯ ಸ್ಯಾಂಪಲ್ ನಂಬರು: ನಾಲ್ಕು, ನಾಲ್ಕು, ಏಳು, ಒಂದು.

"ಒಂದು, ಏಳು ತಾನೇ?"

"ಅಲ್ಲ. ಏಳು, ಒಂದು."

ಮೊದಲ ಮೂರು ಹಾಳೆಯಲ್ಲಿ 4417. ನಾಲ್ಕನೆಯದರಲ್ಲಿ 4471. ಬೆರಳಿಟ್ಟು ತೋರಿಸಿದೆ. ಮೇಡಂ ನಾಲ್ಕೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು. ಬೇರೆ ಯಾರದೋ ಹಾಳೆ ಇದು! ಆಗಲೇ ಲ್ಯಾಬಿಗೆ ಪತ್ರ ಹೋಯಿತು.

ಮನೆಯಲ್ಲಿ ಯಜಮಾನರ ನಗೆ: "ಏಳನೇ ಕ್ಲಾಸಿನ ಪಂಡಿತೆ ಫ್ರೆಂಚ್ ತಿದ್ದಿದಳಂತೆ!" ನಗಲಿ.

ಮಾರ್ಚ್ 11

ಐದು ದಿನ ಬರೆಯಲಾಗಲಿಲ್ಲ. ಜಪಕ್ಕೆ ಕೂತರೂ ಆ ತಾಯಿಯ ಮುಖವೇ.

ಇಂದು ಸರಿಯಾದ ಹಾಳೆ ಬಂತು. ತಪ್ಪು ತಮ್ಮದೇ, ಎರಡು ಹಾಳೆ ಅದಲುಬದಲಾಗಿವೆ ಎಂದು ಬರೆದಿದ್ದಾರೆ. ಮೂರು ಸಲ ಓದಿದೆ, ಮೂರು ಸಲ ಟಿಕ್. ಸಂಜೆ ತಾಯಿ, ಮಗಳು ಬಂದರು. ಮಗಳು ಇಂಗ್ಲಿಷ್ ಪ್ರತಿ ನೋಡುತ್ತಾ ನಿಂತೇ ಇದ್ದಳು.

"ಏನಂತೆ? ಬಾಯಿ ಬಿಡೇ!"

"ಇಲ್ಲಮ್ಮಾ. ನನ್ನಲ್ಲಿ ಇಲ್ಲ."

ತಾಯಿ ಅಳಲಿಲ್ಲ. ನನ್ನತ್ತ ತಿರುಗಿದಳು. "ನೀವು ಓದಿದ್ದಂತಲ್ಲ... ನಂಗೂ ಒಂದ್ಸಲ ಓದಿ."

ಓದಿದೆ. ಜಿ, ಎ, ಟಿ, ಟಿ, ಸಿ... ಕೈ ಮುಗಿದು ಕೇಳಿದಳು, ಮಂತ್ರ ಕೇಳುವ ಹಾಗೆ. ಹುಟ್ಟುವ ಮೊದಲೇ ಬರೆದಿಟ್ಟಿದ್ದನ್ನು ನನ್ನಂಥವಳ ಬಾಯಿ ಓದುವುದೆಂದರೇನು!

ಮಾರ್ಚ್ 12, ಬೆಳಗ್ಗೆ 6

ಎದ್ದ ಕೂಡಲೇ ಹೊಳೆಯಿತು. ಹಾಳೆ ಅದಲುಬದಲು ಎಂದರೆ, ಇವಳ ಹಾಳೆ ಆ ಇನ್ನೊಬ್ಬಳ ಕೈಯಲ್ಲಿತ್ತು. ಏನೂ ಇಲ್ಲವೆಂದು ಅವಳು ಇಷ್ಟು ದಿನ ನೆಮ್ಮದಿಯಾಗಿದ್ದಿರಬೇಕು. ಇವತ್ತೋ ನಾಳೆಯೋ ಅವಳಿಗೂ ಸರಿಯಾದ ಹಾಳೆ ಬರುತ್ತದೆ, ಹೊರುವವಳು ಎಂದಿರುವುದು. ನಾನು ಬೆರಳಿಟ್ಟದ್ದರಿಂದ.

ದೀಪ ಹಚ್ಚಿ ಕೂತೆ. ಹೆಸರಿಲ್ಲದೆ ಹೇಗೆ ಬೇಡಿಕೊಳ್ಳಲಿ? ದೇವರಿಗೆ ತಿಳಿಯದ್ದೇನು. ನಂಬರೇ ಹೇಳಿದೆ. ತಂದೇ, ಅವಳ ಕೈ ಹಿಡಿ. ನಾಲ್ಕು, ನಾಲ್ಕು, ಏಳು—