ಐದು ನೀಲಿ ಮಾಸ್ಕ್‌ಗಳು

ಶುಕ್ರವಾರ, ಮಧ್ಯಾಹ್ನ
ಲ್ಯಾಬಿನ ಮೆಟ್ಟಿಲು

ಕಿವಿ ಹಿಂಡುವ ವಿದ್ಯೆಯಲ್ಲಿ ಅಜೇಯಳೂ, ಭಾವನ ಗೊರಕೆಯನ್ನು ಎಂಟು ವರ್ಷ ಸಹಿಸಿದ ಸಹನಾಮೂರ್ತಿಯೂ ಆದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಏಕಮಾತ್ರ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ಮೂರು ದಿನ ತಡವಾಯಿತು, ಕ್ಷಮಿಸು. ನಿನ್ನೆ ಫೋನಿನಲ್ಲಿ ಹೇಳಹೊರಟರೆ, "ಹೋಗೋ ಸಾಕು, ನೀರಿನ ಆಫೀಸಿಂದ ಅಂತ ದನಿ ಬದಲಾಯ್ಸಿ ಮನೆ ಪಾತ್ರೇನೆಲ್ಲ ತುಂಬಿಸ್ದೋನು ನೀನೇ ಅಲ್ವಾ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಭಾವನಂತೂ ನನ್ನ ಫೋನ್ ಎತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅದಕ್ಕೇ ಈ ಕಾಗದ. ಇಷ್ಟು ಕಷ್ಟಪಟ್ಟು ನಾನು ಯಾವ ಕೀಟಲೆಯನ್ನೂ ಮಾಡಿದವನಲ್ಲ.

ಭಾವನ ಐಸ್ ಫ್ಯಾಕ್ಟರಿಗೆ ನಮ್ಮ ಲ್ಯಾಬಿನಿಂದ ಐದು ನೀಲಿ ಮಾಸ್ಕ್ ಹೋಗಿವೆಯಲ್ಲ, ಅವುಗಳ ಒಳಪದರ ಮಾಡಿದವನು ನಾನು. ಲೋಹದ ಗಂಟು, ಸಾವಯವ ಕೊಂಡಿ ಸೇರಿಸಿ ಹೆಣೆದ ಒಂದು ಪುಡಿ. ಒಂದೊಂದು ಕಣದಲ್ಲೂ ಲೆಕ್ಕವಿಲ್ಲದಷ್ಟು ಕೋಣೆ. ಅಮೋನಿಯಾ ಅಲ್ಲಿ ಸಿಕ್ಕಿಬೀಳುತ್ತದೆ. ಬರೀ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿದರೆ ಸೀಮೆಸುಣ್ಣದಂತೆ ಉದುರುತ್ತದೆ. ಆದ್ದರಿಂದ ರಬ್ಬರಿನಂಥ ಪಾಲಿಮರ್‌ನಲ್ಲಿ ಕಲಸಿ ಹಾಳೆ ಎಳೆಯುತ್ತೇವೆ. ಮಡಚಿದರೂ ಬಿರಿಯದು.

ಕಲಸುವ ಮುಂಚೆ ಪುಡಿಯನ್ನು ಗಾಳಿ ತೆಗೆದ ಓವನ್ನಿನಲ್ಲಿ ಹನ್ನೆರಡು ಗಂಟೆ ಕಾಯಿಸಬೇಕು. ಅದನ್ನು ತಯಾರಿಸುವಾಗ ಬಳಸಿದ ದ್ರಾವಕ ಆ ಕೋಣೆಗಳಲ್ಲೇ ಕೂತಿರುತ್ತದೆ. "ಹಳೇ ನೆಂಟರು ಎದ್ದು ಹೋಗದೆ ಹೊಸಬರಿಗೆ ಚಾಪೆ ಎಲ್ಲಿ ಹಾಸ್ತೀಯಪ್ಪಾ" ಅನ್ನುತ್ತಾರೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ. ಮೊದಲ ತಟ್ಟೆ ಪುಡಿಯನ್ನು ಕಾಯಿಸಿದೆ, ಅದರ ಹಾಳೆ ಪರೀಕ್ಷೆಯಲ್ಲಿ ಪಾಸಾಯಿತು. ಎರಡನೆಯದನ್ನು ಮುಟ್ಟಿ ನೋಡಿದೆ, ಒಣಗಿದಂತೆಯೇ ಇತ್ತು. ಯಾರು ಕಾಯುತ್ತಾರೆಂದು ನೇರವಾಗಿ ಕಲಸಿದೆ. ಹಾಳೆ ಅಷ್ಟೇ ನುಣುಪು, ಅಷ್ಟೇ ಬಾಗುತ್ತಿತ್ತು. ಐದೂ ಮಾಸ್ಕ್ ಅದರವೇ. ಮಂಗಳವಾರ ಮಿಕ್ಕ ತುಂಡಿಗೆ ಸುಮ್ಮನೆ ಅಮೋನಿಯಾ ಬಿಟ್ಟು ನೋಡಿದೆ. ಎರಡೇ ನಿಮಿಷಕ್ಕೆ ಆಚೆ ಬಂತು. ಅಂದಿನಿಂದ, ಅಕ್ಕಾ, ಯಾರಾದರೂ ಕೆಮ್ಮಿದರೂ ತಿರುಗಿ ನೋಡುತ್ತೇನೆ.

ಸೋಮವಾರ ಭಾವನೂ ಸೇರಿ ಫಿಟ್ಟರ್‌ಗಳು ಐವರೂ ಅವನ್ನೇ ಹಾಕಿಕೊಂಡು ಅಮೋನಿಯಾ ಪೈಪಿನ ಹಳೆಯ ವಾಲ್ವ್ ಬಿಚ್ಚುತ್ತಾರಂತೆ. ಭಾವನ ಮಾಸ್ಕನ್ನು ಚೀಲದಿಂದ ತೆಗೆದು ಬಚ್ಚಿಡು. ಬೇಕಾದರೆ ನಾಯಿ ಕಚ್ಚಿಕೊಂಡು ಹೋಯಿತೆನ್ನು. ಅವರು ಬೈದುಕೊಂಡೇ ಹಳೆಯದನ್ನು ಹಾಕಿಕೊಂಡು ಹೋಗಲಿ.

ಇಬ್ಬರ ಆಯುಸ್ಸೂ ಗಟ್ಟಿಯಾಗಿರಲಿ. ಚಿಕ್ಕವನ ಹರಕೆ ಫಲಿಸುತ್ತದೆಯೋ ಇಲ್ಲವೋ, ತಿಳಿಯದು.

ನಿನ್ನ
ಕೋತಿ

ಇನ್ನೊಂದು ಮಾತು: ಉಳಿದ ನಾಲ್ಕು ಮಾಸ್ಕಿನ ವಿಷಯ ಯಾರಿಗೂ ಹೇಳಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ. ಮೇಡಂ ಒಳಗೇ ಇದ್ದಾರೆ, ಬಾಗಿಲು ತೆರೆದಿದೆ. ಮೂರು ದಿನದಿಂದಲೂ ತೆರೆದೇ ಇತ್ತು.